ಅಮೀಬಾ ಕಾಲು ಹಿಂದಕ್ಕೆಳೆದುಕೊಂಡ ದಿನ

ರಾಜ್ಯಗಳು ಏಳುವುದು, ಬೀಳುವುದು, ಮನುಷ್ಯ ಹೋಗಿ ಚಂದ್ರನ ಮೇಲೆ ಕಾಲಿಡುವುದು ಇವೆಲ್ಲ ಪತ್ರಿಕೆಯಲ್ಲಿ ಬರುವ ಸಂಗತಿಗಳು. ಅವುಗಳಿಗೆ ಸಾಕ್ಷಿ ಬೇಕಾದಷ್ಟಿದೆ. ಆದರೆ ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿ ಆಗಸ್ಟ್ ತಿಂಗಳ ಒಂದು ಬುಧವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಹನಗೋಡಿಗೆ ಮೂರು ಮೈಲಿ ಆಚೆಗಿರುವ ಕೆಂಚನಕಟ್ಟೆಯ ಮಿಡ್ಲ್ ಸ್ಕೂಲಿನಲ್ಲಿ ಒಂದು ಅಮೀಬಾ ತಾನು ಮುಂದಿಟ್ಟಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡಿತೆಂಬ ಸಂಗತಿ ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಬರಬೇಕಾಗಿತ್ತು. ಅದನ್ನು ಕಣ್ಣಾರೆ ಕಂಡವರು ಆ ಶಾಲೆಯ ವಿಜ್ಞಾನದ ಮೇಷ್ಟ್ರು ಚಿಕ್ಕಬಸಪ್ಪನವರೊಬ್ಬರೇ. ಕಂಡವರು ಎದ್ದು ನಿಂತು, ಚಪ್ಪಲಿ ಕಳಚಿಟ್ಟು, ಮತ್ತೆ ಕೂತರು. ಏಕೆ ಕಳಚಿದರೆಂದು ಅವರಿಗೂ ಗೊತ್ತಿರಲಿಲ್ಲ.

ಅಮೀಬಾ ಎಂದರೆ ಒಂದೇ ಜೀವಕೋಶದ ಪ್ರಾಣಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಲದ ಮೇಲೆ ಚೆಲ್ಲಿದ ಗಂಜಿಯ ಹನಿಯಂತೆ ಕಾಣುತ್ತದೆ. ವ್ಯತ್ಯಾಸವೇನೆಂದರೆ, ಚೆಲ್ಲಿದ ಗಂಜಿ ಎಲ್ಲಿಗೂ ಹೋಗುವುದಿಲ್ಲ. ಇದಕ್ಕೆ ಹೋಗಬೇಕಾದ ಕಡೆ ಒಂದಿದೆ. ಕಣ್ಣಿಲ್ಲ, ಮೂಗಿಲ್ಲ, ಮುಂದು ಹಿಂದು ಎಂಬುದಿಲ್ಲ. ನಡೆಯಬೇಕೆನ್ನಿಸಿದಾಗ ಮೈಯೊಳಗಿಂದಲೇ ಒಂದು ಕಾಲನ್ನು ಹೊರಡಿಸುತ್ತದೆ, ಇಡೀ ಮೈಯನ್ನು ಆ ಕಾಲಿನೊಳಕ್ಕೆ ಸುರಿದುಕೊಳ್ಳುತ್ತದೆ, ಆಮೇಲೆ ಆ ಕಾಲು ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲ. ಚಿಕ್ಕಬಸಪ್ಪನವರು ಇದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದರು. ಮೂವತ್ತೆರಡು ವಯಸ್ಸಾಗಿದ್ದರೂ ಮದುವೆಯಾಗಿರಲಿಲ್ಲ. ಅದಕ್ಕೆ ಕಾರಣ ಅಮೀಬಾ ಎಂದು ಊರಿನವರೂ, ಊರಿನವರು ಎಂದು ಅವರೂ ಹೇಳುತ್ತಿದ್ದರು.

ಎರಡು ಬೇಸಿಗೆಯ ಹಿಂದೆ ಮೈಸೂರಿನಲ್ಲಿ ನಡೆದ ಮೇಷ್ಟರುಗಳ ಶಿಬಿರದಲ್ಲಿ ಒಬ್ಬ ಎಳೆಯ ಪ್ರೊಫೆಸರು ಊಟದ ಸಾಲಿನಲ್ಲಿ ನಿಂತು ಒಂದು ಮಾತು ಹೇಳಿದ್ದರು. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ; ಅದು ಹರಿಯುವ ತಂತಿಯ ಸುತ್ತ ಕಾಂತಶಕ್ತಿಯೂ ಅಷ್ಟೇ ಸಲ ತೂಗುತ್ತದೆ. ರೇಡಿಯೋ ಅಲೆಗಳ ಮುಂದೆ ಇದು ಎತ್ತಿನ ಗಾಡಿಯ ವೇಗ. ಇಷ್ಟು ನಿಧಾನದ ತೂಗಾಟಕ್ಕೂ ಜೀವಕೋಶದ ನಡೆ ಬದಲಾಗುತ್ತದೆ, ಆಕಾರ ಬದಲಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲವೆಂದು ಕೆಲವರು ಹೇಳುತ್ತಾರೆ. "ಹೇಳೋರು ಜಾಸ್ತಿ, ನೋಡಿದೋರು ಕಡಿಮೆ," ಎಂದು ಹೇಳಿ ಪ್ರೊಫೆಸರು ಅನ್ನಕ್ಕೆ ತಟ್ಟೆ ಒಡ್ಡಿದರು. ಅವರು ಅದನ್ನು ಅಲ್ಲೇ ಮರೆತರು. ಚಿಕ್ಕಬಸಪ್ಪನವರು ಊರಿಗೆ ತಂದರು.

ತಂದದ್ದು ಎರಡು ವರ್ಷ ಮನಸ್ಸಿನಲ್ಲೇ ಇತ್ತು. ಅದನ್ನು ಹೊರಕ್ಕೆಳೆದದ್ದು ಒಂದು ಸುತ್ತೋಲೆ. 'ಉಪಯೋಗಿಸದೆ ಇಟ್ಟಿರುವ ವಿಜ್ಞಾನ ಸಲಕರಣೆಗಳನ್ನು ಇನ್ಸ್‌ಪೆಕ್ಟರವರು ಪರಿಶೀಲಿಸಿ, ಉಪಯೋಗಿಸುವ ಶಾಲೆಗೆ ರವಾನಿಸತಕ್ಕದ್ದು' ಎಂದು ಅದರಲ್ಲಿತ್ತು. ಕೆಂಚನಕಟ್ಟೆಯ ಶಾಲೆಯಲ್ಲಿದ್ದ ವಿಜ್ಞಾನ ಸಲಕರಣೆಯೆಂದರೆ ಒಂದು ಸೂಕ್ಷ್ಮದರ್ಶಕ, ಮತ್ತು ಅದನ್ನಿಟ್ಟಿದ್ದ ಬೀಗದ ಬೀರು. ಹೆಡ್ಮಾಸ್ಟರ್ ಗೋವಿಂದಯ್ಯನವರು ಸುತ್ತೋಲೆಯನ್ನು ಓದಿದಾಗ ಅವರ ಕಣ್ಣು ಹೋದದ್ದು ಬೀರುವಿನ ಕಡೆಗೆ. ಮಕ್ಕಳ ಉಪ್ಪಿಟ್ಟಿಗೆಂದು ಬರುವ ರವೆಯ ಮೂಟೆಗಳನ್ನು ಇಲಿಗಳು ತಿಂದು ಕೊಬ್ಬುತ್ತಿದ್ದವು. ಊರಿನಲ್ಲಿ ಇಲಿ ಹೊಗದ ಜಾಗ ಆ ಬೀರುವೊಂದೇ.

"ಬೇಜಾರು ಮಾಡ್ಕೋಬೇಡಿ ಚಿಕ್ಕಬಸಪ್ಪ," ಎಂದರು ಗೋವಿಂದಯ್ಯ. "ಆ ಯಂತ್ರದಲ್ಲಿ ನೀವೊಬ್ರೇ ನೋಡ್ತೀರಿ. ಉಪ್ಪಿಟ್ಟು ನೂರಾ ನಲವತ್ತು ಮಕ್ಕಳು ತಿಂತಾರೆ. ಯಾವುದು ಉಪಯೋಗ ಅಂತ ಇನ್ಸ್‌ಪೆಕ್ಟ್ರು ಕೇಳಿದ್ರೆ ನಾನೇನು ಹೇಳ್ಲಿ?"

ಸೂಕ್ಷ್ಮದರ್ಶಕ ಉಪಯೋಗದಲ್ಲಿದೆ ಎಂದು ತೋರಿಸಬೇಕು. ಅದೂ ಅಲ್ಲಗಳೆಯಲಾಗದಂತೆ ತೋರಿಸಬೇಕು. ಚಿಕ್ಕಬಸಪ್ಪನವರು ಹುಣಸೂರಿನ ಮೋಟಾರು ರಿವೈಂಡಿಂಗ್ ಅಂಗಡಿಯಿಂದ ಮಿಕ್ಕ ತಾಮ್ರದ ತಂತಿ ತಂದರು. ಶಾಲೆಗೆ ನೀರು ಹೊರುವ, ಕಾಡಂಚಿನ ಹಾಡಿಯ ಕಾಳ ಬಿದಿರ ದಬ್ಬೆ ಬಗ್ಗಿಸಿ ಒಂದು ಬಳೆ ಹೆಣೆದುಕೊಟ್ಟ. ಅದರ ಸುತ್ತ ನಾನೂರು ಸುತ್ತು ತಂತಿ ಸುತ್ತಿ, ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಸುತ್ತ ನಿಲ್ಲುವಂತೆ ಮಾಡಿದರು. ಕರೆಂಟು ಒಮ್ಮೆಲೇ ನುಗ್ಗಿ ಸುರುಳಿ ಸುಟ್ಟುಹೋಗದಿರಲೆಂದು ಮಧ್ಯದಲ್ಲಿ ನೂರು ಕ್ಯಾಂಡಲ್ಲಿನ ಒಂದು ಬಲ್ಬನ್ನು ಸೇರಿಸಿ ಗೋಡೆಯ ಗೂಟಕ್ಕೆ ತೂಗುಹಾಕಿದರು. ಅಮೀಬಾ ಇರುವ ನೀರನ್ನೂ ಕಾಳನೇ ತಂದ. ಯಾವ ಗುಂಡಿಯಲ್ಲಿ ಎಲೆ ಎಷ್ಟು ಕೊಳೆತಿದೆ ಎಂಬುದು ಅವನಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು.

ಆ ಬುಧವಾರವೇ ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರು ಬರುವುದಿತ್ತು. ಹೊರಗೆ ಆಶ್ಲೇಷ ಮಳೆಯ ಮೋಡ ಕಿಟಕಿಗೆ ಕಂಬಳಿ ಹೊದಿಸಿದಂತೆ ಕವಿದಿತ್ತು. ಚಿಕ್ಕಬಸಪ್ಪನವರು ಕಣ್ಣನ್ನು ನಳಿಗೆಗೆ ಒತ್ತಿ, ಕೈಯನ್ನು ಸ್ವಿಚ್ಚಿಗೆ ಚಾಚಿ, ಒತ್ತಿದರು.

ಹರಿಯುತ್ತಿದ್ದ ಅಮೀಬಾ ನಿಂತಿತು. ಮುಂದಿಟ್ಟ ಕಾಲು ತಡೆಯಿತು, ಹಿಂದೆ ಸರಿಯಿತು, ಮೈಯೊಳಗೆ ಕರಗಿತು. ಇಡೀ ಪ್ರಾಣಿ ಹೆದರಿದ ಮಗು ಮುದುಡಿದಂತೆ ದುಂಡಗಾಯಿತು. ಸ್ವಿಚ್ಚು ತೆಗೆದರು. ಎರಡು ನಿಮಿಷ ಕಳೆದ ಮೇಲೆ ಒಂದು ಮೂಲೆಯಿಂದ, ಅಪ್ಪಣೆ ಕೇಳುವವರ ಹಾಗೆ, ಒಂದು ಕಾಲು ಮೆಲ್ಲಗೆ ಹೊರಬಂದಿತು.

ಒಂದು ಹನಿ ನೀರು, ಅದರಲ್ಲಿ ಒಂದು ಜೀವ, ಆ ಜೀವದ ನಡಿಗೆಯ ತುದಿ ತನ್ನ ಹೆಬ್ಬೆರಳಿನ ಕೆಳಗೆ. ಸ್ವಿಚ್ಚು ಹಾಕಿದಾಗ ನೀರೆಲ್ಲ ಬೆಳಗಿದಂತೆ ಕಂಡದ್ದನ್ನು ಚಿಕ್ಕಬಸಪ್ಪನವರು ತಮ್ಮ ಸಂತೋಷದ ಲೆಕ್ಕಕ್ಕೆ ಹಾಕಿಕೊಂಡರು. ಚಪ್ಪಲಿ ಕಳಚಿದ್ದು ಆಗಲೇ.

ಇಂಥದ್ದನ್ನು ಕಂಡವನು ಸುಮ್ಮನಿರಬೇಕು. ಅವರು ಹೋಗಿ ಹೆಡ್ಮಾಸ್ಟರನ್ನು ಕರೆತಂದರು.

ಗೋವಿಂದಯ್ಯನವರು ಮೊದಲು ಮುಚ್ಚಬಾರದ ಕಣ್ಣು ಮುಚ್ಚಿದರು, ಆಮೇಲೆ ಎರಡನ್ನೂ ಮುಚ್ಚಿದರು, ಮೂರನೆಯ ಸಲಕ್ಕೆ ಕಂಡಿತು. ಸ್ವಿಚ್ಚು ಹಾಕಿ ತೆಗೆದು ಮೂರು ಸಲ ತೋರಿಸಿದ್ದಾಯಿತು. ಅವರು ಬೆನ್ನು ನೆಟ್ಟಗೆ ಮಾಡಿದರು.

"ಹೇಳಿದ ಮಾತು ಕೇಳ್ತದಲ್ರೀ ಇದು," ಎಂದರು. "ನಮ್ಮ ಏಳನೇ ಕ್ಲಾಸಿನವರು ಇಷ್ಟು ಕೇಳಲ್ಲ."

"ಯಾರಿಗೂ ಹೇಳ್ಬೇಡಿ ಸಾರ್. ಇನ್ಸ್‌ಪೆಕ್ಟ್ರು ನೋಡೋತನಕ."

"ಛೆ, ನಾನ್ಯಾಕ್ರೀ ಹೇಳ್ಲಿ," ಎಂದು ಗೋವಿಂದಯ್ಯ ಟೀ ಕುಡಿಯಲು ಹೋದರು.

ಟೀ ಅಂಗಡಿಗೂ ಶಾಲೆಗೂ ಇದ್ದ ದೂರ ಇನ್ನೂರು ಗಜ. ಶಾಲೆಯಿಂದ ಹೊರಟಾಗ ಸಂಗತಿ ಅಮೀಬಾದ್ದಾಗಿತ್ತು. ಟೀ ಮುಗಿಯುವ ಹೊತ್ತಿಗೆ ಅದು ಹುಳುವಿನದಾಗಿ, ಬೀಡಿ ಹಚ್ಚುವ ಹೊತ್ತಿಗೆ ಹಾವಿನದಾಗಿ, ಪಂಚಾಯಿತಿ ಚೇರ್ಮನ್ ಹುಚ್ಚಯ್ಯನವರ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಯನ್ನು ಮುಟ್ಟುವ ವೇಳೆಗೆ, ಮೇಷ್ಟ್ರು ಕರೆಂಟಿನ ಬಳೆ ತೊಡಿಸಿ ಎಂಥ ಮೊಂಡು ಜೀವವನ್ನಾದರೂ ಹೇಳಿದ ಕಡೆ ತಿರುಗಿಸುತ್ತಾರೆ ಎಂದಾಗಿತ್ತು. ಹುಚ್ಚಯ್ಯನವರ ಹತ್ತಿರ ಒಂದು ಮೊಂಡು ಜೀವವಿತ್ತು. ನೊಗ ಕಂಡರೆ ಮಲಗಿಬಿಡುವ ಎತ್ತು. ಮಧ್ಯಾಹ್ನದ ಹೊತ್ತಿಗೆ ಅದನ್ನು ಅವರೇ ಹಿಡಿದುಕೊಂಡು ಬಂದು ಶಾಲೆಯ ಬಾಗಿಲಿಗೆ ನಿಲ್ಲಿಸಿದರು.

"ಮೇಷ್ಟ್ರೆ, ಸ್ವಲ್ಪ ಈಚೆಗೆ ಬನ್ನಿ."

ಚಿಕ್ಕಬಸಪ್ಪನವರು ಈಚೆಗೆ ಬಂದು ಎತ್ತನ್ನು ನೋಡಿದರು. ಎತ್ತು ಅವರನ್ನು ನೋಡಿತು.

"ಇದಕ್ಕೆ ಒಂದು ಬಳೆ ಹಾಕ್ಕೊಡಿ. ತಂತಿ ಎಷ್ಟು ಸುರುಳಿ ಬೇಕೋ ನಾನು ತರಿಸ್ತೀನಿ."

"ಚೇರ್ಮನ್ರೇ, ಅದು ಒಂದು ಜೀವಕೋಶದ್ದು. ಎತ್ತಲ್ಲಿ ಕೋಟಿ ಕೋಟಿ ಕೋಶ ಇರ್ತವೆ."

"ಆಯ್ತಲ್ಲ ಮತ್ತೆ. ಒಂದು ಕೋಶ ಮಾತು ಕೇಳ್ತದೆ ಅಂದ್ಮೇಲೆ ಕೋಟಿನೂ ಕೇಳ್ತವೆ. ಊರಲ್ಲಿ ಒಬ್ಬ ದೊಡ್ಡೋನು ಎದ್ರೆ ಎಲ್ರೂ ಏಳಕಿಲ್ವೆ?"

"ಹಂಗಲ್ಲ ಇವರೆ. ಅದರ ಬಲ ಬಹಳ ಕಡಿಮೆ."

"ಕಡಿಮೆ ಆದ್ರೆ ಜಾಸ್ತಿ ಮಾಡಿ. ಲೈನ್‌ಮನ್ನು ನಮ್ಮೋನೇ ಕಣ್ರೀ."

ಜನ ಸೇರಿದರು. ಒಬ್ಬರಿಗೆ ಮಗನ ಬುದ್ಧಿ ತಿರುಗಬೇಕಾಗಿತ್ತು, ಇನ್ನೊಬ್ಬರಿಗೆ ಬೀಗರ ಬುದ್ಧಿ. ಕಾಂತಶಕ್ತಿ ಎಂದರೇನು, ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಚಿಕ್ಕಬಸಪ್ಪನವರು ಮುಕ್ಕಾಲು ಗಂಟೆ ವಿವರಿಸಿದರು. ಮಾಡಲಾರದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ನಡುವೆ ಎತ್ತು ಬಾಗಿಲಿಗೆ ಅಡ್ಡವಾಗಿ ಮಲಗಿತು.

ಅದನ್ನು ದಾಟಿಕೊಂಡು ಒಳಗೆ ಹೋದರೆ, ಸೂಕ್ಷ್ಮದರ್ಶಕದ ಬಳಿ ಸುರುಳಿ ಇರಲಿಲ್ಲ. ಅದು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಪುಟ್ಟಮಲ್ಲಮ್ಮನ ಮಂಡಿಯಲ್ಲಿತ್ತು. ಪುಟ್ಟಮಲ್ಲಮ್ಮ ಶಾಲೆಯಲ್ಲಿ ಉಪ್ಪಿಟ್ಟು ಬೇಯಿಸುವಾಕೆ. ಎಂಟು ವರ್ಷದ ಮಂಡಿನೋವು ಆಕೆಯ ಸ್ವಂತದ್ದು. ಪಕ್ಕದಲ್ಲಿ, ಜನರ ಗದ್ದಲದ ನಡುವೆ ಒಳಸೇರಿದ್ದ ಗೋವಿಂದಯ್ಯನವರು ಸ್ವಿಚ್ಚು ಹಿಡಿದು ನಿಂತಿದ್ದರು. ಗೋಡೆಯ ಮೇಲೆ ಬಲ್ಬು ಝಗ್ಗನೆ ಉರಿಯುತ್ತಿತ್ತು.

"ನಾನೇ ಹಾಕ್ಕೊಟ್ಟೆ ಕಣ್ರೀ. ಪಾಪ, ನೋಯ್ತದೆ ಅಂದ್ರು."

"ಬೆಚ್ಚಗೈತೆ ಮೇಷ್ಟ್ರೆ," ಎಂದಳು ಪುಟ್ಟಮಲ್ಲಮ್ಮ ಕಣ್ಣು ಮುಚ್ಚಿಕೊಂಡೇ. "ಗಂಡ ಇದ್ದಾಗ್ಲೂ ಇಷ್ಟು ಚೆನ್ನಾಗಿ ಯಾರೂ ಕಾಲು ನೋಡ್ನಿಲ್ಲ ಕಣಪ್ಪ."

ಚಿಕ್ಕಬಸಪ್ಪನವರು ಓಡಿಹೋಗಿ ಸ್ವಿಚ್ಚು ತೆಗೆದರು. ಸುರುಳಿಯನ್ನು ಹಿಡಿದು ಎಳೆದರು. ಬರಲಿಲ್ಲ. ಮೊದಲೇ ಊದಿದ್ದ ಮಂಡಿ, ಬಿಸಿಗೆ ಇನ್ನಷ್ಟು ಊದಿ, ಬಳೆಗಾರನ ಕೈಗೂ ಜಗ್ಗದ ಬಳೆಯಂತೆ ತಂತಿಯನ್ನು ಕಚ್ಚಿಕೊಂಡಿತ್ತು.

"ಹಾಕೋವಾಗ ಹೋಯ್ತಲ್ರೀ," ಎಂದರು ಗೋವಿಂದಯ್ಯ.

"ಹಾಕೋವಾಗ ಮಂಡಿ ಒಪ್ಕೊಂಡಿತ್ತು ಸಾರ್. ಈಗ ಒಪ್ತಾ ಇಲ್ಲ."

ಗಂಟೆ ಎರಡೂಕಾಲು. ಪುಟ್ಟಮಲ್ಲಮ್ಮನ ಮನೆಯಿಂದಲೇ ಹರಳೆಣ್ಣೆ ಬಂತು. ಗೋವಿಂದಯ್ಯ ಆಕೆಯ ಭುಜ ಹಿಡಿದರು, ಹುಚ್ಚಯ್ಯ ಬೆಂಚು ಹಿಡಿದರು, ಚಿಕ್ಕಬಸಪ್ಪ ಎಣ್ಣೆ ಹಚ್ಚಿ ತಿರುವಿದರು. ತಂತಿಯನ್ನು ಕತ್ತರಿಸಿಬಿಡಿ ಎಂದು ಒಬ್ಬರು ಹೇಳಿದಾಗ, ಕತ್ತರಿಸುವುದಾದರೆ ಮೊದಲು ನನ್ನ ಕತ್ತು ಎನ್ನುವಂತೆ ಚಿಕ್ಕಬಸಪ್ಪ ನೋಡಿದರು. "ಕಾಲು ಬೇಕಾದ್ರೆ ಇಲ್ಲೇ ಇರ್ಲಿ ಬುಡಿ, ನಾನು ಆಮ್ಯಾಕೆ ಬತ್ತೀನಿ," ಎಂದಳು ಪುಟ್ಟಮಲ್ಲಮ್ಮ.

ಹೊರಗೆ ಜೀಪಿನ ಸದ್ದು ನಿಂತಿತು. ಮೂರಕ್ಕೆಂದರೆ ಎರಡೂವರೆಗೇ ಬರುವುದು ಇನ್ಸ್‌ಪೆಕ್ಟರ್ ಮಹದೇವಪ್ಪನವರ ಪದ್ಧತಿ. ಶಾಲೆಗಳ ನಿಜವಾದ ಮುಖ ಆ ಅರ್ಧ ಗಂಟೆಯಲ್ಲಿದೆಯೆಂದು ಅವರು ನಂಬಿದ್ದರು. ದಪ್ಪ ಮೈ, ಮೆಲುದನಿ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ಅವರು ಎತ್ತನ್ನು ದಾಟಿ ಒಳಗೆ ಬಂದು, ಎಣ್ಣೆ ಸುರಿಯುವ ಕಾಲನ್ನೂ, ಕಾಲಿಗೆ ಜೋತುಬಿದ್ದ ಮೇಷ್ಟರನ್ನೂ, ಭುಜ ಹಿಡಿದ ಹೆಡ್ಮಾಸ್ಟರನ್ನೂ ನೋಡಿದರು.

"ಯಾವ ಪೀರಿಯಡ್ ಇದು?" ಎಂದರು.

"ವಿಜ್ಞಾನ ಸಾರ್," ಎಂದರು ಗೋವಿಂದಯ್ಯ, ಬೇರೇನೂ ತೋಚದೆ.

ಆ ಹೊತ್ತಿಗೆ ಕಾಳ ಎರಡು ಕೊಡ ನೀರು ಇಳಿಸಿ ಒಳಗೆ ಇಣುಕಿದ. ಒಂದು ಗಳಿಗೆ ನೋಡಿ, ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ತಂತಿಯ ಅಡಿಯಲ್ಲಿ ಎರಡು ಬೆರಳು ತೂರಿಸಿ, ತಾನು ಹೆಣೆದ ದಬ್ಬೆಯ ಕೊನೆಯನ್ನು ಹುಡುಕಿ ಬಿಚ್ಚಿದ. ಬಿದಿರು ಸಡಿಲವಾಯಿತು. ಸುರುಳಿ ಜಾರಿ ಅವನ ಕೈಗೆ ಬಂತು. ಮತ್ತೆ ಕೊನೆ ಸಿಕ್ಕಿಸಿ, ಪಂಚೆಯ ತುದಿಯಲ್ಲಿ ಎಣ್ಣೆ ಒರೆಸಿ, ಮೇಷ್ಟರಿಗೆ ಕೊಟ್ಟು ಬಾಗಿಲ ಬಳಿ ಹೋಗಿ ನಿಂತ.

ಚಿಕ್ಕಬಸಪ್ಪನವರಿಗೆ ಇನ್ನು ಕಳೆದುಕೊಳ್ಳುವುದೇನೂ ಉಳಿದಿರಲಿಲ್ಲ. ಎಣ್ಣೆಗೈಯಲ್ಲೇ ಸುರುಳಿಯನ್ನು ಸೂಕ್ಷ್ಮದರ್ಶಕಕ್ಕೆ ಹೊಂದಿಸಿ, ಹೊಸ ಹನಿ ಹಾಕಿ, ಅಮೀಬಾ ಹುಡುಕಿ, "ಸಾರ್, ಒಂದು ಸಲ ನೋಡಿ," ಎಂದರು. ಆ ದನಿಯಲ್ಲಿ ಏನಿತ್ತೋ, ಮಹದೇವಪ್ಪನವರು ಹಾಜರಿ ಪುಸ್ತಕ ಕೇಳುವುದನ್ನು ಬಿಟ್ಟು ಬಗ್ಗಿದರು.

ಇಪ್ಪತ್ತೆರಡು ವರ್ಷದಿಂದ ಅವರು ಶಾಲೆಗಳನ್ನು ನೋಡುತ್ತಿದ್ದರು. ನೋಡಿದ್ದೆಲ್ಲ ರಿಜಿಸ್ಟರು, ಸುಣ್ಣ, ಮಕ್ಕಳ ಉಗುರು. ಈಗ ಬಗ್ಗಿದವರು ಬಗ್ಗಿದಂತೆಯೇ ಇದ್ದರು.

"ಇದಕ್ಕೆ ಕಣ್ಣಿದೆಯಾ?" ಎಂದರು ಎಷ್ಟೋ ಹೊತ್ತಿನ ಮೇಲೆ.

"ಇಲ್ಲ ಸಾರ್."

"ಕಾಲು?"

"ಬೇಕಾದಾಗ ಮಾಡ್ಕೊಳ್ಳುತ್ತೆ."

"ಬೇಡವಾದಾಗ?"

"ಮತ್ತೆ ಮೈ ಆಗ್ಬಿಡುತ್ತೆ."

"ಮತ್ತೆ ಮೈ ಆಗ್ಬಿಡುತ್ತೆ," ಎಂದು ಮಹದೇವಪ್ಪನವರು ತಮಗೇ ಹೇಳಿಕೊಂಡರು. ಚಿಕ್ಕಬಸಪ್ಪ ಸ್ವಿಚ್ಚು ಒತ್ತಿದರು. ಇನ್ಸ್‌ಪೆಕ್ಟರ ಉಸಿರು ನಿಂತದ್ದು ಬಾಗಿಲಿನವರೆಗೂ ಕೇಳಿಸಿತು. "ನಿಂತಿತು," ಎಂದರು. ಆಮೇಲೆ, "ದುಂಡಗಾಯ್ತು." ತಲೆಯೆತ್ತಿದಾಗ ಅವರ ಮುಖ ಮೊದಲ ಸಲ ಸಮುದ್ರ ಕಂಡವರ ಮುಖದಂತಿತ್ತು.

ಕಾಂತಶಕ್ತಿ, ಐವತ್ತು ಸಲದ ತೂಗಾಟ, ಜೀವಕೋಶದ ನಡೆ, ಎಲ್ಲವನ್ನೂ ಚಿಕ್ಕಬಸಪ್ಪನವರು ಹೇಳಿದರು. ಗೋವಿಂದಯ್ಯನವರು, ಇದೆಲ್ಲ ತಮ್ಮ ಪ್ರೋತ್ಸಾಹದಿಂದ ನಡೆದದ್ದೆಂಬಂತೆ, ವಾಕ್ಯಕ್ಕೊಂದು ಸಲ ತಲೆಯಾಡಿಸಿದರು.

"ಈ ನೀರು ಯಾರು ತಂದದ್ದು?"

"ಕಾಳ ಸಾರ್. ಬಾಗಿಲಲ್ಲಿ ಇದಾನಲ್ಲ."

"ನೋಡಿದಾನಾ?"

ಇಲ್ಲ. ನೀರು ತಂದವನಿಗೆ ನೀರಿನಲ್ಲೇನಿದೆ ಎಂದು ತೋರಿಸಬೇಕೆಂಬುದು ಚಿಕ್ಕಬಸಪ್ಪನವರಿಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. "ಬಾ ಕಾಳ," ಎಂದು ತಾವೇ ಸ್ಟೂಲು ಎಳೆದರು.

ಕಾಳ ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಬಗ್ಗಿದ. ಯಾವ ಕಣ್ಣು ಮುಚ್ಚಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಅಲುಗದೆ, ಕೆಮ್ಮದೆ, ಜಾಡು ಹಿಡಿದವನಂತೆ ನೋಡಿದ. ಸ್ವಿಚ್ಚು ಹಾಕಿದ್ದಾಯಿತು, ತೆಗೆದದ್ದಾಯಿತು. "ಇನ್ನೊಂದ್ಸಲ ಆಕಿ ಸಾ," ಎಂದ. ಹಾಕಿದರು. ತಲೆಯೆತ್ತಿ ಗೋಡೆಯ ಬಲ್ಬನ್ನು ನೋಡಿದ, ಕಿಟಕಿಯ ಮೋಡವನ್ನು ನೋಡಿದ.

"ಸಾ, ಒಂದು ಮಾತು ಏಳ್ಲಾ?"

"ಹೇಳು."

"ಇರುಳೊತ್ತು ಕಾಡಂಚಲ್ಲಿ ಮೊಲದ ಮೇಲೆ ಬ್ಯಾಟ್ರಿ ಬುಟ್ರೆ ಅದು ಓಡಾಕಿಲ್ಲ. ಕಾಲು ಮಡಿಕ್ಕಂಡು ಅಂಗೇ ಕುಂತ್ಕತದೆ. ಇದೂ ಅಂಗೇ ಕುಂತದೆ. ನೀವು ಗುಂಡಿ ಒತ್ದೇಟ್ಗೆ ಆ ದೀಪ ಅತ್ಕತದಲ್ಲ, ಇಲ್ಲಿ ನೀರೊಳ್ಗೂ ಬೆಳಕು ಬೀಳ್ತದೆ." "ತಂತಿ ಏನ್ಮಾಡ್ತದೋ ನಂಗೊತ್ತಿಲ್ಲ ಸಾ. ದೀಪ ಅಂತೂ ಮಾಡ್ತದೆ."

ಚಿಕ್ಕಬಸಪ್ಪನವರು ತಿರುಗಿ ಗೋಡೆಯ ಕಡೆ ನೋಡಿದರು. ಮೋಡದ ದಿನ, ಮಂಕು ಕಿಟಕಿ, ಬೆನ್ನ ಹಿಂದೆ ನೂರು ಕ್ಯಾಂಡಲ್ಲಿನ ಬಲ್ಬು. ಸ್ವಿಚ್ಚು ಹಾಕಿದಾಗ ಸುರುಳಿಗೆ ಕರೆಂಟು ಹೋಗುತ್ತಿತ್ತು, ನಿಜ. ಅದರ ಜೊತೆಗೆ ಅಮೀಬಾದ ಮೇಲೆ ಒಮ್ಮೆಲೇ ಹಗಲಾಗುತ್ತಿತ್ತು. ಬೆಳಗ್ಗೆ ನೀರು ಬೆಳಗಿದ್ದು ಸಂತೋಷದಿಂದಲ್ಲ.

"ಲೋ ಕಾಳ, ಹೋಗೋ, ಹಂಡೆಗೆ ನೀರು ತುಂಬು," ಎಂದರು ಗೋವಿಂದಯ್ಯ.

"ಇರಿ ಸಾರ್," ಎಂದರು ಚಿಕ್ಕಬಸಪ್ಪ.

ಸುಮ್ಮನಿದ್ದರೆ ಇನ್ಸ್‌ಪೆಕ್ಟರು ಈಗಲೇ ಪೆನ್ನು ತೆಗೆಯುತ್ತಿದ್ದರು. ಸೂಕ್ಷ್ಮದರ್ಶಕ ಉಳಿಯುತ್ತಿತ್ತು. ಕಾಡಂಚಿನವನ ಮಾತಿಗೆ ನಕ್ಕುಬಿಟ್ಟಿದ್ದರೂ ಸಾಕಿತ್ತು. ಗೋವಿಂದಯ್ಯ ನಗಲು ಬಾಯಿ ತೆರೆದಿದ್ದರು. ಚಿಕ್ಕಬಸಪ್ಪನವರು ಹುಚ್ಚಯ್ಯನವರ ಹೆಗಲ ಮೇಲಿದ್ದ ಕಂಬಳಿಯನ್ನು ಕೇಳಿ ಈಸಿಕೊಂಡು, ಬಲ್ಬಿನ ಮುಂದೆ ಪರದೆಯಂತೆ ಹಿಡಿದುಕೊಳ್ಳಲು ಕಾಳನಿಗೆ ಹೇಳಿದರು.

ಸ್ವಿಚ್ಚು ಹಾಕಿದರು. ಅಮೀಬಾ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ತೆಗೆದರು, ಹಾಕಿದರು. ನಡೆಯುತ್ತಿತ್ತು. ಮೂರನೆಯ ಸಲವೂ ಅಷ್ಟೇ. ಸುತ್ತ ಕಾಂತಶಕ್ತಿ ಸೆಕೆಂಡಿಗೆ ಐವತ್ತು ಸಲ ತೂಗುತ್ತಿದ್ದರೂ ಅದು ಸಂತೆಗೆ ಹೋಗುವ ಹೆಂಗಸಿನಂತೆ ಅತ್ತಿತ್ತ ನೋಡದೆ ಹೋಗುತ್ತಿತ್ತು. ಏಳನೆಯ ಸಲ ಕಾಲಿನ ತುದಿ ಕೂದಲೆಳೆಯಷ್ಟು ಬಲಕ್ಕೆ ಹೊರಳಿದಂತಾಯಿತು. ಹೊರಳಿತೋ, ಅಥವಾ ಹೊರಳಲಿ ಎಂದು ತಾವು ಬಯಸಿದ್ದೋ? ಹಾಗೇ ನೋಡುತ್ತಿದ್ದಂತೆ ಚಿಕ್ಕಬಸಪ್ಪನವರಿಗೆ ಬೆಳಗಿನದಕ್ಕಿಂತ ದೊಡ್ಡ ಬೆರಗು ಹಿಡಿಯಿತು. ಕಣ್ಣೇ ಇಲ್ಲದ್ದು ಬೆಳಕನ್ನು ಕಂಡಿತ್ತು.

"ಸಾರ್, ನಾನು ಹೇಳಿದ್ದು ತಪ್ಪು," ಎಂದರು. "ಅದು ನಿಂತದ್ದು ಬೆಳಕಿಗೆ. ಕಾಳ ಹೇಳಿದ್ದೇ ಸರಿ."

"ಹಂಗಾದ್ರೆ ಕಾಂತಶಕ್ತಿಗೆ ಅದು ಜಗ್ಗೋದಿಲ್ಲ?"

"ಗೊತ್ತಿಲ್ಲ ಸಾರ್."

"ಏನಂದ್ರಿ?"

"ಗೊತ್ತಿಲ್ಲ. ದೀಪ ಮುಚ್ಚಿ, ಬಿಸಿ ತಾಗದ ಹಾಗೆ ಮಾಡಿ, ದಿನಾ ನೋಡ್ಬೇಕು. ಒಂದು ವರ್ಷ ನೋಡಿದ್ರೆ ಏನಾದ್ರೂ ಹೇಳಬಹುದೋ ಏನೋ."

ಮಹದೇವಪ್ಪನವರು ಹೋಗಿ ಹೆಡ್ಮಾಸ್ಟರ ಕುರ್ಚಿಯಲ್ಲಿ ಕೂತು, ಸಂದರ್ಶನದ ಪುಸ್ತಕ ತರಿಸಿಕೊಂಡು, ಕೆಂಪು ಶಾಯಿಯಲ್ಲಿ ಬರೆಯತೊಡಗಿದರು. ಒಂದು ಪುಟ ತುಂಬಿತು. ಮಗುಚಿ ಎರಡನೆಯದಕ್ಕೆ ಹೋದರು.

ಕೆಂಚನಕಟ್ಟೆಯ ಆ ಪುಸ್ತಕದಲ್ಲಿ ಅಲ್ಲಿಯವರೆಗೆ ಯಾರೂ ನಾಲ್ಕು ಸಾಲಿಗಿಂತ ಹೆಚ್ಚು ಬರೆದಿರಲಿಲ್ಲ. ಗೋವಿಂದಯ್ಯನವರು ಚಿಕ್ಕಬಸಪ್ಪನವರ ಕಿವಿಯಲ್ಲಿ, "ಸುಮ್ನೆ ಇದ್ದಿದ್ರೆ ಆಗ್ತಿರ್ಲಿಲ್ವೇನ್ರೀ," ಎಂದರು. ಹುಚ್ಚಯ್ಯನವರು, "ನನ್ ಎತ್ತಿಗೂ ಹಂಗಾದ್ರೆ ಕಣ್ಣಿಗೆ ಬ್ಯಾಟ್ರಿ ಬುಡೋದೇ ಅನ್ನಿ," ಎಂದರು. ಪುಟ್ಟಮಲ್ಲಮ್ಮ ಬಂದು ಇನ್ಸ್‌ಪೆಕ್ಟರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು, "ಸ್ವಾಮಿ, ಏನಾದ್ರೂ ಬರ್ಕೊಳ್ಳಿ, ನನ್ನ ಮಂಡಿ ಅಂತೂ ಅಗುರಾಗೈತೆ," ಎಂದು ಸಾಕ್ಷಿ ಹೇಳಿದಳು.

ಬರೆದು ಮುಗಿಸಿ, ಶಾಯಿ ಒಣಗಲು ಊದಿ, ಮಹದೇವಪ್ಪನವರು ಪುಸ್ತಕವನ್ನು ಗೋವಿಂದಯ್ಯನವರ ಮುಂದೆ ನೂಕಿದರು. "ಗಟ್ಟಿಯಾಗಿ ಓದಿ. ಎಲ್ಲರೂ ಕೇಳ್ಲಿ."

ಗೋವಿಂದಯ್ಯ ಓದಿದರು. 'ನನ್ನ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ, ತಾನು ಹೇಳಿದ್ದು ತಪ್ಪೆಂದು ಇನ್ಸ್‌ಪೆಕ್ಟರ ಎದುರಿಗೆ ಒಪ್ಪಿಕೊಂಡ ಉಪಾಧ್ಯಾಯರನ್ನು ಇಂದು ಮೊದಲ ಬಾರಿಗೆ ಕಂಡೆನು. ಗೊತ್ತಿಲ್ಲ ಎಂಬ ಉತ್ತರವನ್ನು ಉಪಾಧ್ಯಾಯರ ಬಾಯಿಂದ ಕೇಳಿದ್ದೂ ಇಂದೇ. ಇಲ್ಲಿಯ ಸೂಕ್ಷ್ಮದರ್ಶಕವು ಅತ್ಯುತ್ತಮವಾಗಿ ಉಪಯೋಗದಲ್ಲಿದೆ. ಇದನ್ನು ಯಾವ ಕಾರಣಕ್ಕೂ, ಯಾರ ಮಾತಿನ ಮೇಲೂ, ಈ ಶಾಲೆಯಿಂದ ಆಚೆಗೆ ಸಾಗಿಸಕೂಡದು.'

ಚಿಕ್ಕಬಸಪ್ಪನವರ ಕಣ್ಣು ಮಂಜಾಯಿತು. ಕಾಳನ ಕಡೆ ನೋಡಿದರು, ಕಾಳ ನಕ್ಕ. ಬೀರು ಕೈತಪ್ಪಿದ ಗೋವಿಂದಯ್ಯನವರ ದನಿ ಸ್ವಲ್ಪ ಕುಗ್ಗಿತು.

"ಪುಟ ತಿರುಗಿಸಿ," ಎಂದರು ಮಹದೇವಪ್ಪ.

ತಿರುಗಿಸಿದರು. 'ಹೆಗ್ಗಡದೇವನಕೋಟೆ ತಾಲ್ಲೂಕು ಸೀಗೆಕೆರೆಯಲ್ಲಿ ಹೊಸದಾಗಿ ತೆರೆದಿರುವ ಶಾಲೆಗೆ ಕಟ್ಟಡವೂ ವಿದ್ಯುತ್ತೂ ಸಲಕರಣೆಗಳೂ ಇಲ್ಲವಾದ ಕಾರಣ ವಿಜ್ಞಾನದ ಉಪಾಧ್ಯಾಯರು ಯಾರೂ ನಿಲ್ಲುತ್ತಿಲ್ಲ. ಬಿದಿರು, ತಂತಿ ಮತ್ತು ಕೊಳೆತ ನೀರಿನಿಂದ ಇಷ್ಟನ್ನು ಸಾಧಿಸಿದವರು ಏನೂ ಇಲ್ಲದೆ ಎಷ್ಟನ್ನು ಸಾಧಿಸಿಯಾರೆಂಬುದು ಊಹಿಸತಕ್ಕ ಸಂಗತಿ. ಶ್ರೀ ಚಿಕ್ಕಬಸಪ್ಪನವರನ್ನು ಕೂಡಲೇ ಅಲ್ಲಿಗೆ ವರ್ಗಾಯಿಸುವಂತೆ ಮೇಲಿನವರಿಗೆ ಬಲವಾಗಿ ಶಿಫಾರಸು ಮಾಡಿದ್ದೇನೆ.'

ಮಹದೇವಪ್ಪನವರು ಎದ್ದು ಬಂದು ಚಿಕ್ಕಬಸಪ್ಪನವರ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಅವರ ಕಣ್ಣೂ ಮಂಜಾಗಿತ್ತು.

"ಸಾರ್," ಎಂದರು ಚಿಕ್ಕಬಸಪ್ಪ. "ಸೂಕ್ಷ್ಮದರ್ಶಕ ನನ್ನ ಜೊತೆ..."

"ಅದು ಇಲ್ಲಿಂದ ಅಲುಗಕೂಡದು ಅಂತ ಈಗ ತಾನೇ ಬರೆದಿದ್ದೀನಲ್ರೀ. ಕೆಂಪು ಶಾಯಿ ಒಣಗಿದ ಮೇಲೆ ನಾನೂ ತಿದ್ದೋ ಹಂಗಿಲ್ಲ. ನೀವು ಕಷ್ಟಪಟ್ಟು ಉಳಿಸ್ಕೊಂಡಿದ್ದನ್ನ ನಾನು ಹಾಳ್ಮಾಡ್ಲಾ?" ಎಂದು ಬೆನ್ನು ತಟ್ಟಿ, ಇನ್ಸ್‌ಪೆಕ್ಟರು ಎತ್ತನ್ನು ದಾಟಿ ಜೀಪು ಹತ್ತಿದರು.

ಶುಕ್ರವಾರ ಆರ್ಡರು ಬಂತು. ಸೋಮವಾರ ಚಿಕ್ಕಬಸಪ್ಪನವರು ಸೀಗೆಕೆರೆಯಲ್ಲಿ ಕೆಲಸಕ್ಕೆ ಹಾಜರಾದರು.